ಆರನೆಯ ಚೌಕ

ಕನಸನ್ನು ಅಚ್ಚು ಹಾಕುವ ಯಂತ್ರ ಧಾರವಾಡಕ್ಕೆ ಬಂದ ವರ್ಷವೇ ನನ್ನ ಹೆಂಡತಿ ನನಗೆ ಊಟಕ್ಕೆ ಬಡಿಸುವುದನ್ನು ಬಿಟ್ಟಳು. ಈ ಎರಡಕ್ಕೂ ಸಂಬಂಧವಿದೆ. ಆ ಸಂಬಂಧ ನಾನೇ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಅಷ್ಟು ತಡವಾದದ್ದಕ್ಕೆ ಕಾರಣ ನನ್ನ ಹೆಚ್ಚುಗಾರಿಕೆ, ಆದ್ದರಿಂದ ಮೊದಲು ಅದನ್ನೇ ಹೇಳಿ ಮುಗಿಸುತ್ತೇನೆ.

ನಾನು ಕಾಳಪ್ಪ ಪತ್ತಾರ, ವಯಸ್ಸು ಎಪ್ಪತ್ತಾರು. ಒಂದು ಕಾಲದಲ್ಲಿ 'ಗಡಗಡ' ಎಂಬ ಚಿತ್ರಕಥೆಗಳ ಮಾಸಿಕ ಬರುತ್ತಿತ್ತು. ಅದನ್ನು ಬರೆದು, ಬಿಡಿಸಿ, ಗದಗಿನ ಛಾಪಾಖಾನೆಯೊಂದರಲ್ಲಿ ಅಚ್ಚು ಹಾಕಿಸಿ, ಬಸ್ ನಿಲ್ದಾಣಗಳಿಗೆ ಕಳಿಸುತ್ತಿದ್ದವನು ನಾನೇ. ದೆವ್ವ, ಹಾರುವ ತಟ್ಟೆ, ಜೀವ ಬಂದ ಬೊಂಬೆ, ಚಂದ್ರನ ಮೇಲಿನ ಹುಳು, ಸತ್ತ ಮೇಲೂ ಕಚೇರಿಗೆ ಬರುವ ಗುಮಾಸ್ತ, ಹೀಗೆ ಇಪ್ಪತ್ತು ವರ್ಷ. ಪುಸ್ತಕದ ಕೊನೆಯ ಪುಟದಲ್ಲಿ ಮಾತ್ರ ಒಂದು ಪುಟ್ಟ ಕಥೆ, ಆರೇ ಆರು ಚೌಕಗಳಲ್ಲಿ. ಐದು ಚೌಕದವರೆಗೆ ಓದುವವನನ್ನು ಕೈಹಿಡಿದು ನಡೆಸಿಕೊಂಡು ಹೋಗಿ ಆರನೆಯದರಲ್ಲಿ ಕಾಲ ಕೆಳಗಿನ ಹಲಗೆ ಎಳೆದುಬಿಡಬೇಕು. ಗುರುವಿನ ಸಂಜೀವಿನಿಯನ್ನು ಕದ್ದು ತನ್ನದೆಂದು ಮೆರೆದ ವೈದ್ಯ ಆರನೆಯ ಚೌಕದಲ್ಲಿ ಹೂತ ಪೆಟ್ಟಿಗೆಯೊಳಗೆ ಕಣ್ಣು ಬಿಡುತ್ತಾನೆ, ಇನ್ನೆಂದೂ ಸಾಯದಂತೆ. ಶಿಷ್ಯ ಮಾಡಿದ ಗಡಿಯಾರಕ್ಕೆ ತನ್ನ ಹೆಸರು ಕೆತ್ತಿಸಿದವನು ಅದರೊಳಗೆ ಮುಳ್ಳಾಗಿ ತಿರುಗುತ್ತಿರುತ್ತಾನೆ. ಜನ ಬಸ್ಸಿನಲ್ಲಿ ಕೂತು ಮೊದಲು ತೆಗೆಯುತ್ತಿದ್ದದ್ದು ಈ ಕೊನೆಯ ಪುಟವನ್ನೇ.

ಆ ಆರನೆಯ ಚೌಕ ನನಗೆ ಹೊಳೆಯುತ್ತಿದ್ದದ್ದು ಅಡುಗೆಮನೆಯಲ್ಲಿ. ಐದು ಚೌಕ ಬಿಡಿಸಿದ ಹಾಳೆ ಹಿಡಿದು ಒಲೆಯ ಹತ್ತಿರ ಹೋಗಿ ಕೂರುತ್ತಿದ್ದೆ. ನನ್ನ ಹೆಂಡತಿ ಕಮಲಾಕ್ಷಿ ರೊಟ್ಟಿ ಬಡಿಯುತ್ತ ಅದೂ ಇದೂ ಮಾತಾಡುತ್ತಿದ್ದಳು. ಬುಟ್ಟಿಯಲ್ಲಿ ಹತ್ತು ರೊಟ್ಟಿ ಬೀಳುವುದರೊಳಗೆ ಕಥೆ ಮುಗಿದಿರುತ್ತಿತ್ತು. ಅಂಥ ಇನ್ನೂರ ನಲವತ್ತು ಪುಟ ಮಾಡಿದೆ. ಓದುಗರು ನನ್ನನ್ನು ದಾರಿಯಲ್ಲಿ ನಿಲ್ಲಿಸಿ, ಇಂಥ ತಿರುವು ನಿಮ್ಮ ತಲೆಗೆ ಎಲ್ಲಿಂದ ಬರುತ್ತದೆ ಎಂದು ಕೇಳುತ್ತಿದ್ದರು. ನಾನು ಆಕಾಶದ ಕಡೆ ಕೈ ತೋರಿಸುತ್ತಿದ್ದೆ.

ಇನ್ನು ಯಂತ್ರದ ಮಾತು. ಊರ ಹೊರಗಿನ ದಿಬ್ಬದ ಮೇಲೆ ಒಂದು ಹಳೆಯ ಬಂಗಲೆಯಿತ್ತು. ಡಾಕ್ಟರ್ ವೈಜಯಂತಿ ಹುದ್ದಾರ ಎಂಬ ಮಿದುಳು ವಿಜ್ಞಾನಿ ಅಲ್ಲಿ ಮೂವತ್ತು ಮಂಚ ಹಾಕಿಸಿ, ಕಿಟಕಿಗಳಿಗೆ ಲಾವಂಚದ ತಟ್ಟಿ ಕಟ್ಟಿಸಿ ಕನಸಿನ ಕೇಂದ್ರ ತೆರೆದರು. ಸಮಯ ಮಧ್ಯಾಹ್ನ ಎರಡರಿಂದ ನಾಲ್ಕು. ಜೋಳದ ರೊಟ್ಟಿ, ಮೊಸರು ಉಂಡವರಿಗೆ ಆ ಹೊತ್ತಿನಲ್ಲಿ ಬರುವ ನಿದ್ದೆಯಲ್ಲಿ ಕನಸು ಬಹಳ ತಿಳಿಯಾಗಿರುತ್ತದೆ ಎಂದು ಅವರು ಕಂಡುಕೊಂಡಿದ್ದರಂತೆ. ನಮ್ಮ ಕಡೆಯವರಿಗೆ ಇದನ್ನು ಹೇಳಲು ವಿಜ್ಞಾನ ಬೇಕಿರಲಿಲ್ಲ.

ಕನಸು ಕಾಣುವ ಮಿದುಳು ಬಣ್ಣ ತುಂಬುತ್ತ ಕೂರುವುದಿಲ್ಲ, ಬರೀ ಅಂಚುಗಳನ್ನು ಗೀಚುತ್ತ ಹೋಗುತ್ತದೆ ಎಂಬುದು ಡಾಕ್ಟರರ ಶೋಧ. ಹಣೆಗೆ ಕಟ್ಟಿದ ತೆಳುವಾದ ಪಟ್ಟಿ ಆ ಗೀಚನ್ನು ಹಿಡಿಯುತ್ತದೆ. ಹಿಡಿದದ್ದು ಅರ್ಧಂಬರ್ಧ ಇರುತ್ತದೆ. ಉಳಿದದ್ದನ್ನು ಯಂತ್ರ ತಾನೇ ಊಹಿಸಿ ಪೂರ್ತಿ ಮಾಡಬೇಕು. ಹೇಗೆ ಪೂರ್ತಿ ಮಾಡಬೇಕೆಂದು ಅದಕ್ಕೆ ಮೊದಲೇ ರಾಶಿ ರಾಶಿ ರೇಖಾಚಿತ್ರ ತೋರಿಸಿ ಕಲಿಸಿರುತ್ತಾರೆ. ಮಲಗಿದವರು ಎದ್ದು ಮುಖ ತೊಳೆದು ಬರುವಷ್ಟರಲ್ಲಿ ಹಾಳೆ ಸಿದ್ಧವಾಗಿರುತ್ತಿತ್ತು. ಅದರ ಮೇಲೆ ಕಪ್ಪು ಮಸಿಯಲ್ಲಿ ಆರು ಚಿತ್ರ.

ರೋಗಿಗಳಿಗೆಂದು ಶುರುವಾದದ್ದು ಆರು ತಿಂಗಳಲ್ಲಿ ಊರಿಗೆಲ್ಲ ಹಬ್ಬಿತು. ಮಧ್ಯಾಹ್ನವಾದರೆ ದಿಬ್ಬದ ದಾರಿಯಲ್ಲಿ ದಿಂಬು ಕಂಕುಳಲ್ಲಿಟ್ಟುಕೊಂಡ ಜನ ಆಕಳಿಸುತ್ತ ಹತ್ತುತ್ತಿದ್ದರು. ಅಂಗಡಿಗಳು ಅರೆಬಾಗಿಲು ಹಾಕುತ್ತಿದ್ದವು. ಊರಿಗೆ ಊರೇ ನೀರಿನೊಳಗೆ ನಡೆದಾಡಿದಂತೆ ನಿಧಾನವಾಯಿತು. ಎದುರಿಗೆ ಸಿಕ್ಕವರು ಆರೋಗ್ಯ ಕೇಳುವುದನ್ನು ಬಿಟ್ಟು ಏನು ಬಿತ್ತು ಎಂದು ಕೇಳತೊಡಗಿದರು. ಯಾರಿಗೋ ಕೆರೆಯೊಳಗಿನ ಪೇಟೆ ಬಿದ್ದಿತ್ತು. ಇನ್ನು ಯಾರಿಗೋ ಸತ್ತ ತಾಯಿ ಸೀರೆ ಮಡಚುತ್ತಿರುವುದು ಬಿದ್ದಿತ್ತು. ಚಂದ್ರನನ್ನು ಹಗ್ಗ ಹಾಕಿ ಮನೆಗೆ ಎಳೆದು ತಂದವರೂ ಇದ್ದರು.

ಆದರೆ ಆರನೆಯ ಚಿತ್ರ ಎಲ್ಲರದೂ ಕೆಟ್ಟದ್ದೇ. ನಮ್ಮ ಜನ ಅದಕ್ಕೊಂದು ಅರ್ಥ ಕಟ್ಟಿದರು: ಮೊದಲ ಐದು ಮನಸ್ಸಿನ ಆಟ, ಆರನೆಯದು ಮಾತ್ರ ಒಳಗಿನ ನಿಜ. ಹೆಣ್ಣು ನೋಡಲು ಹೋದವರು ಕುಂಡಲಿಯ ಜೊತೆ ಕನಸಿನ ಹಾಳೆಯನ್ನೂ ಕೇಳುವುದು ರೂಢಿಯಾಯಿತು. ಹುಡುಗಿಯ ಆರನೆಯ ಚೌಕ ನೋಡಿ ಬೀಗರು ಎದ್ದು ಹೋದದ್ದೂ ಆಯಿತು. ನಮ್ಮ ಓಣಿಯ ಬಸ್ ಚಾಲಕನೊಬ್ಬ, ಕೊನೆಯ ಚಿತ್ರದಲ್ಲಿ ತನ್ನ ಬಸ್ಸು ಬರೀ ಹೆಣಗಳನ್ನು ಹೊತ್ತು ನಿಲ್ದಾಣ ಸೇರಿದ್ದು ಕಂಡು ಸ್ಟೇರಿಂಗ್ ಮುಟ್ಟುವುದನ್ನೇ ಬಿಟ್ಟ. ಇದು ಅತಿಯಾಯಿತು ಎಂದು ನಾನು ಕಟ್ಟೆಯ ಮೇಲೆ ಕೂತು ನಗುತ್ತಿದ್ದೆ. ನಾನೊಬ್ಬನೇ ಮಧ್ಯಾಹ್ನ ಮನೆಯ ಮಂಚದ ಮೇಲೆ ಪುಕ್ಕಟೆ ಕನಸು ಕಾಣುತ್ತಿದ್ದೆ.

ಕಮಲಾಕ್ಷಿ ಆ ಕೇಂದ್ರಕ್ಕೆ ಹೋಗಿ ಬಂದದ್ದು ನನಗೆ ಗೊತ್ತೇ ಇರಲಿಲ್ಲ. ಒಂದು ದಿನ ಸಂಜೆ ಊಟಕ್ಕೆ ಕೂತರೆ ಎದುರಿಗೆ ಖಾನಾವಳಿಯ ಡಬ್ಬಿ ಇತ್ತು. ಅವಳಿಗೆ ಹುಷಾರಿಲ್ಲ ಎಂದುಕೊಂಡೆ. ಮರುದಿನವೂ ಡಬ್ಬಿ, ಅದರ ಮರುದಿನವೂ ಡಬ್ಬಿ. ಚಹಾ ಕೂಡ ನಾನೇ ಮಾಡಿಕೊಳ್ಳಬೇಕಾಯಿತು. ಹಾಸಿಗೆಯನ್ನು ನಡುಮನೆಗೆ ಹಾಕಿಕೊಂಡು ಒಳಗಿನಿಂದ ಅಗಳಿ ಹಾಕತೊಡಗಿದಳು. ಕೇಳಿದರೆ ಮೊಣಕಾಲು ನೋವು ಎನ್ನುತ್ತಿದ್ದಳು. ಐವತ್ತು ವರ್ಷ ಒಂದೇ ಒಲೆಯ ಬಿಸಿ ಉಂಡವರು ನಾವು. ಡಬ್ಬಿಯ ರೊಟ್ಟಿ ಮುರಿಯುವಾಗ ನನಗೆ ನಿಜಕ್ಕೂ ಅಳು ಬರುತ್ತಿತ್ತು.

ನಾಲ್ಕು ತಿಂಗಳು ಹೀಗೇ ಕಳೆದ ಮೇಲೆ ಅವಳು ಟ್ರಂಕು ತೆಗೆದು ಸೀರೆ ಜೋಡಿಸುವುದು ಕಂಡಿತು. ಬರುವ ಸೋಮವಾರ ಇಳಕಲ್ಲಿಗೆ ತಂಗಿಯ ಮನೆಗೆ ಹೋಗುತ್ತೇನೆ, ತಿರುಗಿ ಬರುವುದಿಲ್ಲ ಎಂದಳು. ನಾನು ಬಾಗಿಲಿಗೆ ಅಡ್ಡ ನಿಂತೆ. ಕಾರಣ ಹೇಳದೆ ಬಿಡುವುದಿಲ್ಲ ಎಂದಾಗ ಸೀರೆಗಳ ಅಡಿಯಿಂದ ಒಂದು ಹಾಳೆ ತೆಗೆದು ಕೊಟ್ಟಳು.

ಮೊದಲ ಚೌಕದಲ್ಲಿ ಒಂದು ಅಗಲವಾದ ಹೊಳೆ, ಅದರ ನಡುವೆ ಹರಿಗೋಲು. ಎರಡನೆಯದರಲ್ಲಿ ಹರಿಗೋಲಿನೊಳಗೆ ನಾವಿಬ್ಬರು, ಮದುವೆಯಾದ ಹೊಸದರಲ್ಲಿದ್ದ ಹಾಗೆ. ಮೂರನೆಯದರಲ್ಲಿ ಅವಳು ಬುತ್ತಿ ಬಿಚ್ಚುತ್ತಿದ್ದಾಳೆ, ಗಂಟಿನೊಳಗಿಂದ ಮಲ್ಲಿಗೆ ಉಕ್ಕುತ್ತಿದೆ. ನಾಲ್ಕನೆಯದರಲ್ಲಿ ನೀರು ಮೇಲಾಗಿ ಆಕಾಶ ಕೆಳಗಾಗಿದೆ, ಹರಿಗೋಲು ನಕ್ಷತ್ರಗಳ ಮೇಲೆ ತೇಲುತ್ತಿದೆ. ಐದನೆಯದರಲ್ಲಿ ಅವಳು ನನ್ನ ಬಾಯಿಗೆ ತುತ್ತು ಇಡುತ್ತಿದ್ದಾಳೆ. ಅಷ್ಟು ಚೆಂದದ ಕನಸನ್ನು ನಾನು ಎಂದೂ ಕಂಡಿರಲಿಲ್ಲ. ಆರನೆಯ ಚೌಕದಲ್ಲಿ ನನ್ನ ಕನ್ನಡಕ ಹಾಕಿದ ಒಂದು ಎಲುಬಿನ ಗೂಡು ತುತ್ತು ಹಿಡಿದು ಕೂತಿತ್ತು. ಅವಳು ಒಬ್ಬಳೇ ಹುಟ್ಟು ಹಾಕುತ್ತಿದ್ದಳು, ನಗುತ್ತ.

"ನನ್ನ ಒಳಗ ಇಂಥಾದ್ದು ಐತಿ ಅಂತ ನನಗ ಗೊತ್ತಿರಲಿಲ್ಲರಿ," ಎಂದಳು ಕಮಲಾಕ್ಷಿ. "ನಿದ್ದ್ಯಾಗ ಎದ್ದು ಏನ್ ಮಾಡ್ತೀನೋ, ಪಲ್ಯಾದಾಗ ಏನ್ ಹಾಕ್ತೀನೋ. ನನ್ನ ಕೈ ನೋಡಿದ್ರ ನನಗ ಅಂಜಿಕಿ ಬರ್ತೈತಿ. ನೀವು ಬದುಕಿರಬೇಕು, ಅದಕ್ಕ ಹೋಗಾಕತ್ತೀನಿ."

ಅವಳ ಕಣ್ಣಲ್ಲಿ ನೀರಿತ್ತು. ನಾನು ಸಮಾಧಾನ ಹೇಳಬೇಕಿತ್ತು. ಆದರೆ ನಾನು ಆ ಎಲುಬಿನ ಗೂಡಿನ ಪಕ್ಕೆಲುಬು ಎಣಿಸುತ್ತಿದ್ದೆ. ಒಂದೊಂದು ಮಗ್ಗುಲಿಗೆ ಹದಿಮೂರು ಇದ್ದವು. ಮನುಷ್ಯನಿಗೆ ಇರುವುದು ಹನ್ನೆರಡು. ಮೊದಲ ಸಂಚಿಕೆಯಲ್ಲಿ ತಪ್ಪಿ ಹದಿಮೂರು ಬಿಡಿಸಿದವನು ಇಪ್ಪತ್ತು ವರ್ಷ ಅದೇ ಚಾಳಿಯಲ್ಲಿ ಬಿಡಿಸಿದ್ದೆ. ಒಬ್ಬ ಓದುಗನೂ ಎಣಿಸಿರಲಿಲ್ಲ. ಈ ಗೂಡು ನನ್ನದು.

ಮರುದಿನ ಮಧ್ಯಾಹ್ನ ದಿಬ್ಬ ಹತ್ತಿದೆ. ಒಳಗೆ ಲಾವಂಚದ ವಾಸನೆ, ಮೂವತ್ತು ಜನರ ಉಸಿರು. ಒಬ್ಬ ಮುದುಕ ನಿದ್ದೆಯಲ್ಲೇ ಎತ್ತುಗಳನ್ನು ಕರೆಯುತ್ತಿದ್ದ. ಆ ಕೋಣೆಯಲ್ಲಿ ನಿಂತವನಿಗೆ ತಾನು ಎಚ್ಚರವಿದ್ದೇನೆಯೋ, ಮಂಚದ ಮೇಲಿನವರಲ್ಲಿ ಯಾರಾದರೂ ತನ್ನನ್ನು ಕನಸು ಕಾಣುತ್ತಿದ್ದಾರೆಯೋ ಎಂದು ಅನುಮಾನ ಬರುವಂತಿತ್ತು. ಹುದ್ದಾರ ಡಾಕ್ಟರು ನನ್ನ ಹೆಸರು ಕೇಳಿ ಎದ್ದು ನಿಂತರು. ಐವತ್ತರ ಹೆಣ್ಣುಮಗಳು, ಗಡಗಡ ಓದುತ್ತ ಬೆಳೆದವರಂತೆ. ಅವರ ತಂದೆಯ ಕಪಾಟಿನಲ್ಲಿ ಇನ್ನೂರ ನಲವತ್ತು ಸಂಚಿಕೆಗಳೂ ಇದ್ದವು. ಯಂತ್ರಕ್ಕೆ ಗೆರೆ ಕಲಿಸಲು ಅವರು ತೋರಿಸಿದ್ದು ಆ ಕೊನೆಯ ಪುಟಗಳನ್ನೇ, ಅದೂ ಅವು ನಮ್ಮ ಕಡೆಯ ಮನೆ, ಮುಖ, ಸೀರೆಯ ಸೆರಗು ತೋರಿಸುತ್ತವೆ ಎಂಬ ಕಾರಣಕ್ಕೆ. ಯಂತ್ರ ಗೆರೆಯ ಜೊತೆಗೆ ಕಥೆ ಕಟ್ಟುವ ರೀತಿಯನ್ನೂ ಕಲಿತುಬಿಟ್ಟಿತ್ತು. ಕನಸು ಎಲ್ಲಿಯೋ ಅರ್ಧಕ್ಕೆ ನಿಲ್ಲುತ್ತದೆ. ಉಳಿದ ಚೌಕವನ್ನು ಅದು ತನ್ನ ಬುದ್ಧಿಯಿಂದ ತುಂಬುತ್ತಿತ್ತು.

ನಾನು ಪಕ್ಕೆಲುಬು ತೋರಿಸಿದೆ. ಡಾಕ್ಟರು ಎಣಿಸಿ, ಹಾಳೆಯನ್ನು ಮೇಜಿನ ಮೇಲೆ ಬೋರಲು ಹಾಕಿದರು. ಮುರಿದ ಸಂಬಂಧಗಳು, ಬಸ್ಸು ಓಡಿಸುವುದನ್ನು ಬಿಟ್ಟ ಚಾಲಕ, ಎಲ್ಲ ಅವರಿಗೂ ನೆನಪಾಗಿರಬೇಕು. ಆರನೆಯದನ್ನು ತೆಗೆದುಬಿಡಿ ಎಂದೆ. ಆಗುವುದಿಲ್ಲ, ಒಂದನ್ನು ಕಿತ್ತರೆ ಉಳಿದ ಐದೂ ಬರೀ ಗೀಚಾಗುತ್ತವೆ ಎಂದರು. ಕಡೆಗೆ ಒಂದು ದಾರಿ ಅವರಿಗೇ ಹೊಳೆಯಿತು. ಇನ್ನು ಮುಂದೆ ಪ್ರತಿಯೊಂದು ಹಾಳೆಯ ಅಡಿಯಲ್ಲಿ ಹೀಗೆ ಅಚ್ಚು ಹಾಕುವುದು: 'ಆರನೆಯ ಚೌಕ ನಿಮ್ಮ ಕನಸಲ್ಲ. ಅದು ಕಾಳಪ್ಪ ಪತ್ತಾರ ಅವರ ಕಲ್ಪನೆ.' ಸೋಮವಾರದಿಂದಲೇ ಶುರು ಮಾಡುತ್ತೇವೆ, ಹಳೆಯ ಹಾಳೆ ಇದ್ದವರಿಗೂ ತಿಳಿಸುತ್ತೇವೆ ಎಂದರು.

ದಿಬ್ಬ ಇಳಿಯುವಾಗ ನನ್ನ ಕಾಲು ನೆಲ ಮುಟ್ಟುತ್ತಿರಲಿಲ್ಲ. ಊರಿನವರ ಪ್ರತಿಯೊಂದು ಕನಸಿನ ಕೆಳಗೆ ನನ್ನ ಹೆಸರು. ಹೆಂಡತಿಯನ್ನು ಉಳಿಸಿಕೊಳ್ಳಲು ಹೊರಟವನು ಅದನ್ನೇ ನೂರು ಸಲ ಹೇಳಿಕೊಳ್ಳುತ್ತ ಮನೆ ಸೇರಿದೆ.

ಕಮಲಾಕ್ಷಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅದು ನಿನ್ನ ಒಳಗಿನದಲ್ಲ, ನನ್ನ ಕಥೆಗಳಿಂದ ಯಂತ್ರ ಕದ್ದದ್ದು, ಆ ಕೊನೆಯ ಚೌಕ ನನ್ನದು ಎಂದೆ. ಅವಳು ಸೀರೆ ಮಡಚುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

"ನಿಮ್ಮದೇನ್ರಿ ಅದು?" ಎಂದಳು.

ಮತ್ತೆ ಯಾರದು ಎಂದು ನಾನು ನಕ್ಕೆ. ಅವಳು ಮಡಚಿದ ಸೀರೆಯನ್ನು ಟ್ರಂಕಿನಲ್ಲಿ ಇಟ್ಟಳು. ಅವಳ ಮುಖ ಮೊದಲಿಗಿಂತ ಕಳೆಗುಂದಿತ್ತು. ಇಷ್ಟು ದೊಡ್ಡ ಸಮಾಧಾನ ತಂದುಕೊಟ್ಟರೂ ಹೀಗೇಕೆ ಎಂದು ನನಗೆ ಸಿಟ್ಟೇ ಬಂತು. ಆ ರಾತ್ರಿಯೂ ಅಗಳಿ ಹಾಕುವ ಸದ್ದು ಕೇಳಿಸಿತು.

ಶನಿವಾರ ಡಾಕ್ಟರು ಹೇಳಿ ಕಳಿಸಿದರು. ಹೋದಾಗ ಬಹಳ ಉತ್ಸಾಹದಲ್ಲಿದ್ದರು. ಯಂತ್ರ ಆರನೆಯ ಚೌಕವನ್ನು ಯಾವ ಸೂತ್ರದ ಮೇಲೆ ಕಟ್ಟುತ್ತದೆ ಎಂದು ಎರಡು ದಿನ ಅದನ್ನೇ ಬಗೆದು ನೋಡಿದ್ದರು. ಇನ್ನೂರ ನಲವತ್ತು ಪುಟಗಳನ್ನು ಗೋಡೆಯ ತುಂಬ ಹಚ್ಚಿದ್ದರು. ನನ್ನ ಕೆಲಸವನ್ನೆಲ್ಲ ಒಂದೇ ಕಡೆ ಹಾಗೆ ನಾನು ಎಂದೂ ನೋಡಿರಲಿಲ್ಲ.

"ಸೂತ್ರ ಒಂದ ಅದ, ಪತ್ತಾರ ಅವರ," ಎಂದರು ಡಾಕ್ಟರು. "ದೆವ್ವ ಇರಲಿ, ಯಂತ್ರ ಇರಲಿ, ನಿಮ್ಮ ಎಲ್ಲಾ ಪುಟದಾಗೂ ಕಡೀಕ ಹಾಳಾಗಾಂವ ಒಬ್ಬನ. ಮತ್ತೊಬ್ಬರು ಮಾಡಿದ್ದಕ್ಕ ತನ್ನ ಹೆಸರು ಹಾಕ್ಕೊಂಡಾಂವ. ಒಂದೂ ತಪ್ಪಿಲ್ಲ ನೋಡ್ರಿ. ಇಪ್ಪತ್ತು ವರ್ಷ ಯಾರ ಮ್ಯಾಲ ಇಷ್ಟು ಸಿಟ್ಟು ಇತ್ತು ನಿಮಗ?"

ನಾನು ಗೋಡೆಯ ಮುಂದೆ ನಡೆದೆ. ಸಂಜೀವಿನಿ ಕದ್ದ ವೈದ್ಯ. ಗಡಿಯಾರದವನು. ಅಣ್ಣನ ನಕ್ಷೆಯನ್ನು ತನ್ನದೆಂದು ತೋರಿಸಿ ಚಂದ್ರನಿಗೆ ಹೋಗಿ ಇಳಿಯಲು ಬಾರದೆ ಸುತ್ತುತ್ತಲೇ ಉಳಿದ ವಿಜ್ಞಾನಿ. ಹೆಂಡತಿ ಕಟ್ಟಿದ ರಾಗವನ್ನು ದರಬಾರಿನಲ್ಲಿ ತನ್ನದೆಂದು ಹಾಡಿ ನಾಲಿಗೆ ಕಲ್ಲಾದ ಗವಾಯಿ. ನೋಡುತ್ತ ನೋಡುತ್ತ ನನ್ನ ಕಿವಿಯಲ್ಲಿ ರೊಟ್ಟಿ ಬಡಿಯುವ ಸದ್ದು ಬಂತು. ಸದ್ದಿನ ನಡುವೆ ಅವಳ ದನಿ. ಆ ವೈದ್ಯನ್ನ ಪೆಟಿಗ್ಯಾಗ ಹಾಕ್ರಿ, ಸಾಯಬಾರದು ಅಂವ. ಆ ಗವಾಯಿಯ ನಾಲಿಗಿ ಕಲ್ಲು ಮಾಡ್ರಿ. ಅವಳು ಹೇಳುತ್ತಿದ್ದಳು, ನಾನು ಅಲ್ಲೇ ಕೂತು ಪೆನ್ಸಿಲ್ಲಿನಲ್ಲಿ ಗೀಚಿಕೊಳ್ಳುತ್ತಿದ್ದೆ. ಪ್ರತಿ ತಿಂಗಳು, ಪ್ರತಿ ಪುಟ, ಒಂದೂ ಬಿಡದೆ. ಐದು ಚೌಕದ ಆಚೆ ನನ್ನ ತಲೆ ಎಂದೂ ಓಡಿರಲಿಲ್ಲ. ಅವಳು ಅದೂ ಇದೂ ಮಾತಾಡುತ್ತಿದ್ದಳೆಂದು ಹೇಳಿದೆನಲ್ಲ, ಆ ಅದೂ ಇದೂ ಎಂಬುದು ಇದೇ. ಸುಳ್ಳು ಹೇಳಬೇಕೆಂದು ನಾನು ಮುಚ್ಚಿಟ್ಟದ್ದಲ್ಲ. ಮರೆತದ್ದು. ಹಾಯಾಗಿ, ಸಂತೋಷವಾಗಿ ಮರೆತದ್ದು. ಅದಕ್ಕೆ ಕ್ಷಮೆ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ತಿಂಗಳಿಗೊಬ್ಬನಂತೆ ಅವಳು ಕೊಂದದ್ದು ನನ್ನನ್ನೇ. ಕೊಂದದ್ದನ್ನು ನನ್ನ ಕೈಯಿಂದಲೇ ಬಿಡಿಸಿದ್ದಳು. ನಾನು ಅದರ ಕೆಳಗೆ ಸಹಿ ಮಾಡಿದ್ದೆ.

ಡಾಕ್ಟರಿಗೆ ಒಂದೇ ಮಾತು ಹೇಳಿದೆ. ಅಡಿಯಲ್ಲಿ ಹಾಕುವ ಹೆಸರು ಬದಲಾಗಬೇಕು, 'ಕಮಲಾಕ್ಷಿ ಪತ್ತಾರ' ಎಂದಾಗಬೇಕು. ಅವರು ನನ್ನ ಹೆಸರು ಹೊಡೆದುಹಾಕಿ ಅವಳದನ್ನು ಬರೆದುಕೊಂಡರು. ನಾಳೆ ಕಟ್ಟೆಯ ಮೇಲೆ ಕೂರುವುದು ಹೇಗೆ ಎಂಬ ಚಿಂತೆ ನನಗೆ ಆಗಲೇ ಹತ್ತಿತ್ತು, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಮನೆಗೆ ಬಂದಾಗ ಟ್ರಂಕಿಗೆ ಬೀಗ ಬಿದ್ದಿತ್ತು. ಕಮಲಾಕ್ಷಿ ಹಿತ್ತಲಲ್ಲಿ ಕೂತು ಹಸಿರು ಕಡಲೆ ಸುಲಿಯುತ್ತಿದ್ದಳು. ಎದುರಿಗೆ ನೆಲದ ಮೇಲೆ ಕೂತೆ. ಗೋಡೆಯ ಮೇಲೆ ಕಂಡದ್ದನ್ನೆಲ್ಲ ಹೇಳಿದೆ. ಆರನೆಯ ಚೌಕಗಳು ನಿನ್ನವು, ಇನ್ನೂರ ನಲವತ್ತೂ ನಿನ್ನವು, ಮೊನ್ನೆ ನೀನು ಕೇಳಿದಾಗಲೂ ನನಗೆ ತಿಳಿಯಲಿಲ್ಲ, ಇನ್ನು ಹಾಳೆಯ ಮೇಲೆ ನಿನ್ನ ಹೆಸರು ಬರುತ್ತದೆ ಎಂದೆ. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ. ತಲೆ ಎತ್ತದೆ ಕೇಳಿದಳು:

"ಹಂಗಾದ್ರ ಆ ಕಡೀ ಚಿತ್ರ ನಾ ನಿದ್ದ್ಯಾಗ ಕಂಡದ್ದಲ್ಲ?"

ಅಲ್ಲ ಎಂದೆ. ನಿನ್ನ ಕನಸು ತುತ್ತಿನ ತನಕ ಮಾತ್ರ, ಅಲ್ಲಿಂದ ಮುಂದಿನದು ನೀನು ಆಗ ಒಲೆಯ ಮುಂದೆ ಹೇಳಿದ್ದು ಎಂದೆ.

ಅವಳ ಭುಜ ಇಳಿಯಿತು. ನಾಲ್ಕು ತಿಂಗಳಿಂದ ಬಿಗಿದುಕೊಂಡಿದ್ದ ಕೈಗಳನ್ನು ಮಡಿಲಲ್ಲಿ ಬಿಚ್ಚಿ ನೋಡಿಕೊಂಡಳು. "ನಿದ್ದ್ಯಾಗಿಂದು ಅಂತ ಅಂಜಿದ್ದೆ," ಎಂದಳು. "ಎಚ್ಚರಿದ್ದಾಗ ಹೇಳಿದ್ದು ನನಗ ಗೊತ್ತೈತಿ. ಆವಾಗ ನಿಮ್ಮ ಮ್ಯಾಲ ಭಾಳ ಸಿಟ್ಟಿತ್ತು. ಹೇಳಿ ಹೇಳಿ ತೀರಿತು. ಸ್ವಲ್ಪ ಉಳದಿತ್ತೇನೋ, ಮೊನ್ನೆ ನೀವು ಆ ಚೌಕ ನನ್ನದು ಅಂದಾಗ ತಿಳೀತು."

ಎದ್ದು ಒಳಗೆ ಹೋದಳು. ಇಳಕಲ್ಲಿನ ಮಾತು ಮತ್ತೆ ಬರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಒಲೆ ಹೊತ್ತಿದ ವಾಸನೆ ಬಂತು, ಆಮೇಲೆ ರೊಟ್ಟಿ ಬಡಿಯುವ ಸದ್ದು. ನಾನು ಹಿತ್ತಲಲ್ಲೇ ಕೂತು ಕೇಳಿದೆ. ಬಿಸಿಲು ಇಳಿದು ಗೋಡೆಗಳೆಲ್ಲ ಮೆತ್ತಗಾದ ಹಾಗಿದ್ದವು. ಸುಖ ಎಂದರೆ ಇದೇ ಎನಿಸಿತು.

ಊಟಕ್ಕೆ ಕರೆದಳು. ನಾಲ್ಕು ತಿಂಗಳ ಮೇಲೆ ತಾನೇ ತಟ್ಟೆ ತಂದು ಮುಂದಿಟ್ಟಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಎದುರಿಗೆ ಗೋಡೆಗೆ ಒರಗಿ ಕೂತಳು. ಅವಳ ಮುಖದಲ್ಲಿ ಅಂಜಿಕೆಯ ಗುರುತು ಇರಲಿಲ್ಲ. ತಿಳಿಯಾಗಿ, ಸ್ವಲ್ಪ ನಗುತ್ತ ನನ್ನನ್ನೇ ನೋಡುತ್ತಿದ್ದಳು. ರೊಟ್ಟಿ ಮುರಿದೆ, ಎಣ್ಣೆಗಾಯಿ ಸುತ್ತಿದೆ, ತುತ್ತು ಎತ್ತಿದೆ. ಕೈ ಗದ್ದದ ಹತ್ತಿರ ನಿಂತುಬಿಟ್ಟಿತು.

"ಯಾಕ ನಿಂತ್ರಿ?" ಎಂದಳು ಕಮಲಾಕ್ಷಿ.

ಏನಿಲ್ಲ, ಬಿಸಿ ಇದೆ ಎಂದೆ. ಆರಲಿ ಬಿಡ್ರಿ, ನಾ ಇಲ್ಲೇ ಕೂತಿರತೀನಿ ಎಂದಳು. ಇಪ್ಪತ್ತು ವರ್ಷ ಬಸ್ಸಿನಲ್ಲಿ ಕೂತು ನನ್ನ ಪುಟ ತೆರೆದವರಿಗೆ ಐದನೆಯ ಚೌಕ ಮುಗಿದಾಗ ಏನಾಗುತ್ತಿತ್ತು ಎಂದು ಅವತ್ತು ನನಗೆ ತಿಳಿಯಿತು. ತುತ್ತು ಬಾಯಿಗಿಟ್ಟೆ. ಅಗಿದು ನುಂಗಿದೆ. ಉಪ್ಪು ಒಂದಿಷ್ಟು ಹೆಚ್ಚಾಗಿತ್ತು. ಹೇಳಲಿಲ್ಲ.